ಸೆನ್ಸರ್ ಎಂದರೆ ಪುಟ್ಟ ಪಿಟಿ ಅಲ್ಲ: 11 ಕೆವಿ ಪ್ಯಾನೆಲ್‌ಗೆ ವೋಲ್ಟೇಜ್ ಸೆನ್ಸರ್ ಕೂರಿಸಿ ಚಾರ್ಜ್ ಮಾಡುವವರೆಗಿನ ಸಮಗ್ರ ಮಾರ್ಗದರ್ಶಿ

ಒಂದೇ ಬಗೆಯ ಮೂರು ದೂರು ಮತ್ತೆ ಮತ್ತೆ ಕೇಳಿಬರುತ್ತಿವೆ. ಪ್ಯಾನೆಲ್ ಚಾರ್ಜ್ ಆದ (ಸಪ್ಲೈ ಕೊಟ್ಟ) ಮೇಲೆ ರಿಲೇ, ಅಂದರೆ ಬ್ರೇಕರ್ ಟ್ರಿಪ್ ಮಾಡಿಸುವ ರಕ್ಷಣಾ ಉಪಕರಣ, 11 ಕೆವಿ ಬದಲು 110 ವೋಲ್ಟ್ ತೋರಿಸುತ್ತದೆ. ಮೂರೂ ಫೇಸ್ ಸೇರಿಸಿ ಮೆಗ್ಗರ್ (ಇನ್ಸುಲೇಷನ್‌ನ ರೋಧ ಅಳೆಯುವ ಉಪಕರಣ) ಹಾಕಿದರೆ ಹೊಚ್ಚಹೊಸ ಬಸ್‌ಬಾರ್ 83 ಮೆಗಾಓಮ್‌ಗೆ ನಿಂತುಬಿಡುತ್ತದೆ. ಟೆಸ್ಟಿಂಗ್‌ನವರು ಇಂಜೆಕ್ಷನ್ ಕಿಟ್ (ರಿಲೇಗೆ ಕೃತಕ ಸಿಗ್ನಲ್ ಕೊಡುವ ಟೆಸ್ಟ್ ಕಿಟ್) ಜೋಡಿಸಿ ಆನ್ ಮಾಡಿದ್ದೇ ತಡ, ರಿಲೇಯ ಇನ್‌ಪುಟ್ ಸುಟ್ಟುಹೋಗುತ್ತದೆ. ಮೂರಕ್ಕೂ ಮೂಲ ಒಂದೇ. ವರ್ಷಗಟ್ಟಲೆ ಪಿಟಿ (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ಜೊತೆ ಕೆಲಸ ಮಾಡಿದ ಕೈ, ಸೆನ್ಸರ್ ಮೇಲೂ ಅದೇ ಅಭ್ಯಾಸದಲ್ಲಿ ಆಡುತ್ತದೆ.

ಪಿಟಿಯಲ್ಲಿ ಕಬ್ಬಿಣದ ಕೋರ್ ಇದೆ, ಸುರುಳಿ ಇದೆ. 11 ಕೆವಿಯನ್ನು 110 ವೋಲ್ಟ್‌ಗೆ ಇಳಿಸಿ ಮೀಟರ್, ರಿಲೇ ಎಲ್ಲಕ್ಕೂ ಸಾಕಾಗುವಷ್ಟು ಶಕ್ತಿ ಕೊಡುತ್ತದೆ. ಸೆನ್ಸರ್‌ನಲ್ಲಿ ಮುಖ್ಯವಾಗಿ ಇರುವುದು ಎಪಾಕ್ಸಿಯೊಳಗೆ ಹುದುಗಿಸಿದ ಎರಡು ರೆಸಿಸ್ಟರ್: ಮೇಲೆ ನೂರಾರು ಮೆಗಾಓಮ್‌ನದೊಂದು, ಕೆಳಗೆ ಹತ್ತಾರು ಕಿಲೋಓಮ್‌ನದೊಂದು. 10,000ಕ್ಕೆ 1ರ ಅನುಪಾತದ ಸೆನ್ಸರ್ ಆದರೆ ಫೇಸ್‌ನಿಂದ ಭೂಮಿಗೆ ಇರುವ 6,351 ವೋಲ್ಟ್, 0.635 ವೋಲ್ಟ್ ಆಗಿ ಹೊರಬರುತ್ತದೆ. ಇದರಿಂದ ಒಂದು ಪುಟ್ಟ ದೀಪವನ್ನೂ ಉರಿಸಲಾಗದು. ಮುಂದಿನ ಪ್ರತಿ ಹಂತದಲ್ಲೂ ಈ 0.635 ನೆನಪಿರಲಿ.

ಪ್ಯಾನೆಲ್‌ನ ಮುಂಭಾಗದಲ್ಲಿ ಮಿನುಗುವ ವೋಲ್ಟೇಜ್ ದೀಪಗಳು ಬೇರೆ ಜಾತಿ. ಅವು ಬುಷಿಂಗ್ ಅಥವಾ ಇನ್ಸುಲೇಟರ್ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಕೆಲಸ ಮಾಡುತ್ತವೆ. 20 ಪಿಕೋಫ್ಯಾರಡ್ ಎಂದು ಇಟ್ಟುಕೊಂಡರೆ 11 ಕೆವಿಯಲ್ಲಿ ಹರಿಯುವುದು ಸುಮಾರು 40 ಮೈಕ್ರೋಆಂಪಿಯರ್. ಅವುಗಳ ಸರದಿ ಹಂತ 1 ಮತ್ತು ಹಂತ 8ರಲ್ಲಿ.

ಕೈಯಲ್ಲಿ ಇರಬೇಕಾದ ಸಲಕರಣೆ

11 ಕೆವಿಗೆ ತಕ್ಕ ವೋಲ್ಟೇಜ್ ಡಿಟೆಕ್ಟರ್, ಡಿಸ್ಚಾರ್ಜ್ ರಾಡ್, ಗ್ಲೌಸ್, ಟಾರ್ಕ್ ವ್ರೆಂಚ್, 5 ಕೆವಿ ಮೆಗ್ಗರ್, ಎಸಿ ಹೈ-ವೋಲ್ಟೇಜ್ ಟೆಸ್ಟ್ ಸೆಟ್, ಮಿಲಿವೋಲ್ಟ್ ಎಸಿ ಅಳೆಯುವ ಟ್ರೂ ಆರ್‌ಎಂಎಸ್ ಮಲ್ಟಿಮೀಟರ್, ಫೇಸ್ ಕಂಪ್ಯಾರೇಟರ್, ರಿಲೇ ಸೆಟ್ಟಿಂಗ್‌ಗೆ ಲ್ಯಾಪ್‌ಟಾಪ್. ರಿಲೇ ಟೆಸ್ಟ್ ಕಿಟ್ ಬಾಡಿಗೆಗೆ ತರಿಸುವಾಗ 'ಲೋ-ಲೆವೆಲ್ ಔಟ್‌ಪುಟ್ ಇದೆಯಾ' ಎಂದು ಕೇಳಿ ತರಿಸಿ. ಇಲ್ಲದ ಕಿಟ್ ಇಲ್ಲಿ ಕೆಲಸಕ್ಕೆ ಬಾರದು, ಕೆಲವೊಮ್ಮೆ ಕೆಲಸ ಕೆಡಿಸುತ್ತದೆ.

ಹಂತ 1: ಎಲ್‌ಸಿ (ಲೈನ್ ಕ್ಲಿಯರ್), ಮತ್ತು ಲೈನ್ ಡೆಡ್ ಎಂಬ ಖಾತರಿ

ಎಸ್ಕಾಂ ಫೀಡರ್ ಆದರೆ ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ, ಪಡೆಯಿರಿ. ಒಳಗಿನ ಪ್ಯಾನೆಲ್ ಆದರೂ ಬರಹದಲ್ಲಿ ಪರ್ಮಿಟ್ ಇರಲಿ. ಬ್ರೇಕರ್ ತೆಗೆದು, ಟ್ರಾಲಿ ಹೊರಗೆಳೆದು, ಬೀಗ ಹಾಕಿ, ಡಿಟೆಕ್ಟರ್‌ನಿಂದ ನೋಡಿ, ಆಮೇಲೆ ಅರ್ಥ್ ಮಾಡಿ. ಡಿಟೆಕ್ಟರನ್ನು ಬಳಸುವ ಮೊದಲೂ ಆಮೇಲೂ ಚಾಲೂ ಇರುವ ಜಾಗದಲ್ಲಿ ಅಥವಾ ಅದರದೇ ಟೆಸ್ಟ್ ಬಟನ್‌ನಿಂದ ಪರೀಕ್ಷಿಸಿ.

ಪ್ಯಾನೆಲ್‌ನ ದೀಪ ಆರಿದೆ ಎಂಬುದು ಲೈನ್ ಡೆಡ್ ಎಂಬುದಕ್ಕೆ ಪುರಾವೆಯಲ್ಲ. ಈ ಸೂಚಕಗಳ ಮಾನದಂಡದ ಪ್ರಕಾರ ವೋಲ್ಟೇಜ್ ಶೇ 45ರಿಂದ 120ರ ನಡುವೆ ಇದ್ದಾಗ ದೀಪ ಉರಿಯಲೇಬೇಕು, ಶೇ 10ಕ್ಕಿಂತ ಕಡಿಮೆ ಇದ್ದಾಗ ಉರಿಯಬಾರದು. ನಡುವಿನ ಜಾಗದಲ್ಲಿ ಉರಿಯಲೂಬಹುದು, ಉರಿಯದೆಯೂ ಇರಬಹುದು. 11 ಕೆವಿಯ ಶೇ 10 ಎಂದರೂ ಹಲವು ನೂರು ವೋಲ್ಟ್. ಜೀವ ತೆಗೆಯಲು ಅದು ಧಾರಾಳ ಸಾಕು. ಜೊತೆಗೆ ಸಾಕೆಟ್‌ನಲ್ಲಿ ಯಾರೋ ಬಿಟ್ಟುಹೋದ ಶಾರ್ಟಿಂಗ್ ಪ್ಲಗ್, ಒಳಗೆ ಹೊಕ್ಕ ತೇವ ಅಥವಾ ಧೂಳು ಪೂರ್ತಿ ಚಾಲೂ ಇರುವ ಲೈನಿನಲ್ಲೂ ದೀಪವನ್ನು ಆರಿಸಿಬಿಡಬಲ್ಲವು.

ಕಾರ್ಖಾನೆಗಳಲ್ಲಿ ಇನ್ನೊಂದು ಅಪಾಯವಿದೆ. ಎಸ್ಕಾಂ ಕಡೆ ತೆಗೆದರೂ ಡಿಜಿ (ಡೀಸೆಲ್ ಜನರೇಟರ್) ಅಥವಾ ಸೋಲಾರ್ ಕಡೆಯಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಿನಿಂದ ಸಪ್ಲೈ ಬರಬಹುದು. ಎರಡೂ ಕಡೆ ಅರ್ಥ್ ಆಗುವವರೆಗೆ ಸೆನ್ಸರ್ ಮುಟ್ಟಬೇಡಿ.

ಹಂತ 2: ಲೇಬಲ್ ಓದಿ, ಫೋಟೋ ತೆಗೆಯಿರಿ

ಇದನ್ನು ಸೆನ್ಸರ್ ಕೂರಿಸುವ ಮೊದಲೇ ಮಾಡಬೇಕು, ಏಕೆಂದರೆ ಕೂರಿಸಿದ ಮೇಲೆ ಲೇಬಲ್ ಬಹುಪಾಲು ಗೋಡೆಯ ಕಡೆಗೆ ತಿರುಗಿರುತ್ತದೆ. ಆಮೇಲೆ ಕನ್ನಡಿ ಹಿಡಿದು ಓದಲು ಒದ್ದಾಡುವವರನ್ನು ಸಾಕಷ್ಟು ನೋಡಿದ್ದೇನೆ.

ಲೇಬಲ್‌ನಲ್ಲಿ ಮೊದಲು ಅನುಪಾತ ನೋಡಿ. 10,000:1 ಸಾಮಾನ್ಯ, ಆದರೆ ಎಲ್ಲವೂ ಹಾಗಿರುವುದಿಲ್ಲ. ಐಇಸಿ 61869-11 ಮಾನದಂಡದಲ್ಲಿ 3.25/√3 ವೋಲ್ಟ್ ಸೆಕೆಂಡರಿಯೂ ಇದೆ. ಆಮೇಲೆ ಇನ್ಸುಲೇಷನ್ ಮಟ್ಟ: 12 ಕೆವಿ ವರ್ಗಕ್ಕೆ 28 ಕೆವಿ ಪವರ್ ಫ್ರೀಕ್ವೆನ್ಸಿ, 75 ಕೆವಿ ಇಂಪಲ್ಸ್.

ವೋಲ್ಟೇಜ್ ಫ್ಯಾಕ್ಟರ್, ಅಂದರೆ ರೇಟೆಡ್ ವೋಲ್ಟೇಜ್‌ನ ಎಷ್ಟು ಪಟ್ಟನ್ನು ಎಷ್ಟು ಹೊತ್ತು ತಾಳಬಲ್ಲದು ಎಂಬ ಸಾಲನ್ನು ಯಾರೂ ನೋಡುವುದಿಲ್ಲ. ನ್ಯೂಟ್ರಲ್ ನೇರವಾಗಿ ಅರ್ಥ್ ಆಗಿರುವ ವ್ಯವಸ್ಥೆಗೆ 30 ಸೆಕೆಂಡಿಗೆ 1.5 ಸಾಕು. ಸ್ವಂತ ಜನರೇಟರ್ ಇದ್ದು ನ್ಯೂಟ್ರಲ್ ರೆಸಿಸ್ಟರ್ ಮೂಲಕ ಅರ್ಥ್ ಆಗಿರುವ ಕಡೆ 8 ಗಂಟೆಗೆ 1.9 ಇರುವುದು ಬೇಕು. ಅಲ್ಲಿ ಒಂದು ಫೇಸ್ ನೆಲ ಕಚ್ಚಿದರೆ ಉಳಿದೆರಡು ಫೇಸ್‌ನ ವೋಲ್ಟೇಜ್ ಭೂಮಿಗೆ ಹೋಲಿಸಿದಾಗ 6.35ರಿಂದ 11 ಕೆವಿಯತ್ತ ಏರುತ್ತದೆ, ಫಾಲ್ಟ್ ಹುಡುಕುವವರೆಗೂ ಹಾಗೇ ಇರಬಹುದು.

ಕೊನೆಯದಾಗಿ ತಿದ್ದುಪಡಿ ಅಂಕಿಗಳು. ಪ್ರತಿ ಸೆನ್ಸರ್‌ಗೂ ಫ್ಯಾಕ್ಟರಿಯಲ್ಲಿ ಅಳೆದು ಎರಡು ಸಂಖ್ಯೆ ಅಚ್ಚು ಹಾಕಿರುತ್ತಾರೆ, ಒಂದು ಪ್ರಮಾಣಕ್ಕೆ, ಒಂದು ಕೋನಕ್ಕೆ. ಉದಾಹರಣೆಗೆ 1.0042 ಮತ್ತು -0.08 ಡಿಗ್ರಿ. ಇವನ್ನು ರಿಲೇಗೆ ತುಂಬಿದರೆ ಮಾತ್ರ ಲೇಬಲ್ ಹೇಳುವ 0.5 ನಿಖರತೆ ಸಿಗುವುದು. ಆರ್, ವೈ, ಬಿ ಯಾವ ಫೇಸ್‌ಗೆ ಯಾವ ಸೀರಿಯಲ್ ನಂಬರ್ ಹೋಗುತ್ತದೆ ಎಂಬುದನ್ನು ಈಗಲೇ ನಿಶ್ಚಯಿಸಿ ಬರೆದಿಡಿ.

ಹಂತ 3: ಕೂರಿಸುವುದು

ಮೇಲ್ಮೈಯನ್ನು ನಾರು ಬಿಡದ ಒಣ ಬಟ್ಟೆಯಿಂದ ಒರೆಸಿ. ಬೋಲ್ಟ್ ಉದ್ದ ಸೆನ್ಸರ್‌ನ ತೂತಿನ ಆಳಕ್ಕಿಂತ ಕಡಿಮೆ ಇರಬೇಕು. ಉದ್ದದ ಬೋಲ್ಟ್ ತಳ ಮುಟ್ಟಿದರೆ ಎಪಾಕ್ಸಿ ಒಳಗೇ ಬಿರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟಾರ್ಕ್ ಕೈಪಿಡಿಯಲ್ಲಿರುವಷ್ಟೇ. ಇನ್ಸುಲೇಟರ್ ಆಗಿಯೂ ಕೆಲಸ ಮಾಡುವ ಸೆನ್ಸರ್ ಮೇಲೆ ಬಸ್‌ಬಾರ್ ಎಳೆದು ಕೂರಿಸಬೇಡಿ. ತೂತು ಹೊಂದದಿದ್ದರೆ ಬಸ್‌ಬಾರನ್ನೇ ಸರಿಪಡಿಸಿ.

ಹೊರಗೆ ಲೋಹದ ಹೊದಿಕೆ ಇಲ್ಲದ ಸೆನ್ಸರ್‌ನ ಎಪಾಕ್ಸಿ ಮೈ, ಚಾರ್ಜ್ ಆದ ಮೇಲೆ ಮುಟ್ಟಲು ಸುರಕ್ಷಿತವಲ್ಲ. ಕೇಬಲ್ ಕನೆಕ್ಟರ್ ಹಿಂದೆ ಸೇರುವ ಪ್ಲಗ್ ಮಾದರಿಯಾದರೆ ಕಿಟ್‌ನಲ್ಲಿ ಬಂದ ಗ್ರೀಸ್ ಬಿಟ್ಟು ಬೇರೆ ಹಚ್ಚಬೇಡಿ.

ಹಂತ 4: ಅರ್ಥಿಂಗ್

ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಜಾಗ ಇದು. ಕೆಳಗಿನ ರೆಸಿಸ್ಟರ್‌ನ ತುದಿ ಭೂಮಿಗೆ ಗಟ್ಟಿಯಾಗಿ ಸೇರಿದ್ದರೆ ಮಾತ್ರ ವೋಲ್ಟೇಜ್ ಹಂಚಿಕೆಯಾಗುತ್ತದೆ. ಆ ತುದಿ ಬಿಟ್ಟುಹೋದರೆ ಮೇಲಿನ ರೆಸಿಸ್ಟರ್ ಮೂಲಕ ಹೈ-ವೋಲ್ಟೇಜ್ ಸಿಗ್ನಲ್ ಕೇಬಲ್‌ಗೆ ಇಳಿಯಲು ಹವಣಿಸುತ್ತದೆ. ಒಳಗೆ ಸರ್ಜ್ ಮಿತಿಗೊಳಿಸುವ ಭಾಗ ಇದ್ದರೂ ಅದನ್ನು ನಂಬಿ ಕೂರುವಂತಿಲ್ಲ, ಅದರ ಅರ್ಥ್ ಕೂಡ ಅದೇ ತಂತಿ.

ಸೆನ್ಸರ್‌ನ ಅರ್ಥ್ ಟರ್ಮಿನಲ್‌ನಿಂದ ಪ್ಯಾನೆಲ್‌ನ ಅರ್ಥ್ ಬಸ್‌ಗೆ ಪ್ರತ್ಯೇಕ ತಂತಿ ಎಳೆಯಿರಿ. ಮೂರು ಸೆನ್ಸರ್‌ಗಳನ್ನು ಒಂದರಿಂದ ಒಂದಕ್ಕೆ ಸರಪಳಿಯಂತೆ ಜೋಡಿಸಬೇಡಿ. ನಡುವೆ ಒಂದು ಬೋಲ್ಟ್ ಸಡಿಲವಾದರೆ ಮುಂದಿನವೆಲ್ಲ ತೇಲುತ್ತವೆ. ಪೇಂಟ್ ಇರುವ ತಗಡಿನ ಮೇಲೆ ಲಗ್ ಬಿಗಿದು ಬಿಡುವುದು ಮಾಮೂಲಿ ತಪ್ಪು. ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ, ಕಂಟಿನ್ಯುಯಿಟಿ ಅಳೆಯಿರಿ. ಓದು ಒಂದು ಓಮ್‌ನ ಸಣ್ಣ ಭಾಗವಾಗಿರಬೇಕು.

ಸಿಗ್ನಲ್ ಕೇಬಲ್‌ನ ಶೀಲ್ಡ್ ಎಲ್ಲಿ ಅರ್ಥ್ ಆಗಬೇಕು ಎಂಬುದನ್ನು ಸೆನ್ಸರ್ ಮತ್ತು ರಿಲೇ ತಯಾರಕರು ಡ್ರಾಯಿಂಗ್‌ನಲ್ಲಿ ಹೇಳಿರುತ್ತಾರೆ. ಪಿಟಿ ಕಾಲದ ರೂಢಿಯ ಮೇಲೆ ಹೋಗದೆ ಅದನ್ನೇ ಪಾಲಿಸಿ.

ಹಂತ 5: ಸಿಗ್ನಲ್ ಕೇಬಲ್

ಕೇಬಲ್ ಸೆನ್ಸರ್‌ನ ಜೊತೆಯಲ್ಲೇ, ಸಾಮಾನ್ಯವಾಗಿ ಆರ್‌ಜೆ45 ಪ್ಲಗ್ ಸಮೇತ ಬರುತ್ತದೆ. ಅದನ್ನು ಕತ್ತರಿಸಬೇಡಿ, ಜೋಡಿಸಿ ಉದ್ದ ಮಾಡಬೇಡಿ. ಪ್ಲಗ್ ಕಂಪ್ಯೂಟರ್ ಲ್ಯಾನ್‌ನದರಂತೆ ಕಾಣುತ್ತದೆಂದು ಅಂಗಡಿಯ ಲ್ಯಾನ್ ಕೇಬಲ್ ತಂದು ಸೇರಿಸುವವರಿದ್ದಾರೆ.

ಏಕೆ ಬೇಡ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಕೆಳಗಿನ ರೆಸಿಸ್ಟರ್ 25 ಕಿಲೋಓಮ್ ಎಂದುಕೊಳ್ಳಿ. ಕೇಬಲ್‌ಗೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದ್ದರೆ, 50 ಹರ್ಟ್ಸ್‌ನಲ್ಲಿ ಪ್ರತಿ ಮೀಟರ್ ಉದ್ದಕ್ಕೂ ಕೋನ 2.7 ಮಿನಿಟ್ ಜಾರುತ್ತದೆ. 10 ಮೀಟರ್ ಸೇರಿಸಿದರೆ 27 ಮಿನಿಟ್. 0.5 ವರ್ಗದ ಸೆನ್ಸರ್‌ಗೆ ಇರುವ ಮಿತಿಯೇ 20 ಮಿನಿಟ್, ಅಂದರೆ ಡಿಗ್ರಿಯ ಮೂರನೇ ಒಂದು ಭಾಗ. ವೋಲ್ಟೇಜ್ ಓದು ಸರಿಯಾಗಿಯೇ ಕಾಣುತ್ತದೆ. ಲೋಡ್‌ನ ಪವರ್ ಫ್ಯಾಕ್ಟರ್ ಕಡಿಮೆ ಇರುವಾಗ ಕಿಲೋವ್ಯಾಟ್ ಲೆಕ್ಕ ತಪ್ಪುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಒಂದೇ ಸೆನ್ಸರ್‌ನಿಂದ ಕವಲು ತೆಗೆದು ರಿಲೇಗೂ ಮೀಟರ್‌ಗೂ ಕೊಡುವುದೂ ಇದೇ ಸಾಲಿನ ತಪ್ಪು. ಮಾನದಂಡದ ಪ್ರಕಾರ ಇಂಥ ಸೆನ್ಸರ್ ನೋಡಬೇಕಾದ ಬರ್ಡನ್ (ಅದಕ್ಕೆ ಸೇರಿಸುವ ಉಪಕರಣದ ಹೊರೆ) 2 ಮೆಗಾಓಮ್, 50 ಪಿಕೋಫ್ಯಾರಡ್. 2 ಮೆಗಾಓಮ್‌ನ ಎರಡು ಉಪಕರಣ ಸಮಾನಾಂತರವಾಗಿ ಸೇರಿದರೆ 1 ಮೆಗಾಓಮ್ ಆಯಿತು, ಮೇಲಿನ ಉದಾಹರಣೆಯಲ್ಲಿ ಓದು ಶೇ 1.2ರಷ್ಟು ಕುಸಿಯುತ್ತದೆ. ಎಸ್ಕಾಂ ಬಿಲ್ಲಿಂಗ್ ಮೀಟರ್‌ಗೆ ಮೊಹರು ಹಾಕಿದ ಬೇರೆ ಸಿಟಿ-ಪಿಟಿ (ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್) ಇರುತ್ತದೆ, ಅದರ ಕಡೆ ತಲೆಹಾಕಬೇಡಿ.

ಉಳಿದ ಕೇಬಲ್ ಉದ್ದವನ್ನು ಬಸ್‌ಬಾರ್ ಕೋಣೆಯಲ್ಲಿ ಸುತ್ತಿಡದೆ ಎಲ್‌ಟಿ (ಲೋ-ಟೆನ್ಷನ್) ಚೇಂಬರ್‌ನಲ್ಲಿ ಇಡಿ. ಇಲ್ಲಿ ಫ್ಯೂಸ್ ಬೇಕಿಲ್ಲ. ಪಿಟಿಯಲ್ಲಿ ರೆಸಿಡ್ಯುಯಲ್ ವೋಲ್ಟೇಜ್‌ಗೆಂದು ಇರುವ ಓಪನ್ ಡೆಲ್ಟಾ ಜೋಡಣೆ ಎಲ್ಲಿ ಎಂದು ಹುಡುಕುವುದೂ ಬೇಡ: ಮೂರು ಫೇಸ್‌ಗಳನ್ನು ಕೂಡಿಸಿ ರೆಸಿಡ್ಯುಯಲ್ ವೋಲ್ಟೇಜನ್ನು ರಿಲೇ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಹಂತ 6: ಮೆಗ್ಗರ್ ಮತ್ತು ಹೈ-ವೋಲ್ಟೇಜ್ ಪರೀಕ್ಷೆ

ಜಗಳಗಳು ಶುರುವಾಗುವುದು ಇಲ್ಲಿಂದ. ಕಂತ್ರಾಟುದಾರ ಪ್ಯಾನೆಲ್ ಸರಿ ಇದೆ ಎನ್ನುತ್ತಾನೆ, ಗ್ರಾಹಕರ ಎಂಜಿನಿಯರ್ ಮೆಗ್ಗರ್ ಓದು ತೋರಿಸಿ ಒಪ್ಪಲಾರೆ ಎನ್ನುತ್ತಾರೆ.

ಸರಿಯಾದ ಕ್ರಮ ಹೀಗೆ. ಸೆನ್ಸರ್ ಜೋಡಿಸುವ ಮೊದಲೇ, ಅಂದರೆ ಹಂತ 3ಕ್ಕೂ ಮುಂಚೆ, ಬಸ್‌ಬಾರ್‌ಗೆ ಮೆಗ್ಗರ್ ಹಾಕಿ ಓದು ಬರೆದುಕೊಳ್ಳಿ. ಅದು ಗಿಗಾಓಮ್‌ಗಳಲ್ಲಿ ಇರಬೇಕು. ಸೆನ್ಸರ್ ಜೋಡಿಸಿದ ಮೇಲೆ ಮತ್ತೆ ಹಾಕಿ. ಈಗ ಮೆಗ್ಗರ್ ನೋಡುವುದು ಇನ್ಸುಲೇಷನ್‌ಗಿಂತ ಹೆಚ್ಚಾಗಿ ಸೆನ್ಸರ್‌ನ ರೆಸಿಸ್ಟರನ್ನೇ. ಮೇಲಿನ ರೆಸಿಸ್ಟರ್ 250 ಮೆಗಾಓಮ್ ಆದರೆ ಒಂದು ಫೇಸ್‌ಗೆ 250ಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ಮೂರೂ ಫೇಸ್ ಸೇರಿಸಿದರೆ 83. ಅದೇ ಬಸ್‌ಗೆ ಎರಡು ಸೆಟ್ ಸೆನ್ಸರ್ ಇದ್ದರೆ ಫೇಸ್‌ಗೆ 125. ಪೋಲರೈಸೇಷನ್ ಇಂಡೆಕ್ಸ್ (ಹತ್ತನೆಯ ನಿಮಿಷದ ಮೆಗ್ಗರ್ ಓದನ್ನು ಮೊದಲ ನಿಮಿಷದ್ದರಿಂದ ಭಾಗಿಸಿದ್ದು) ಕೂಡ 1ರ ಹತ್ತಿರ ನಿಲ್ಲುತ್ತದೆ, ಏಕೆಂದರೆ ರೆಸಿಸ್ಟರ್‌ನ ಕರೆಂಟ್ ಮೊದಲ ನಿಮಿಷಕ್ಕೂ ಹತ್ತನೆಯ ನಿಮಿಷಕ್ಕೂ ಬದಲಾಗುವುದಿಲ್ಲ. ಹಾಗಾಗಿ ಪರೀಕ್ಷಾ ವರದಿಯಲ್ಲಿ 'ಸೆನ್ಸರ್ ಇಲ್ಲದೆ', 'ಸೆನ್ಸರ್ ಸಹಿತ' ಎಂದು ಎರಡು ಅಂಕಣ ಮಾಡಿ. ಸೆನ್ಸರ್ ಸಹಿತ ಓದು ಮೂರು ಫೇಸ್‌ಗೂ ಹೆಚ್ಚುಕಡಿಮೆ ಒಂದೇ ಇದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೆಳಗಿದ್ದರೆ ಆ ಫೇಸ್‌ನಲ್ಲಿ ತೇವವೋ ಬಿರುಕೋ ಇದೆ.

ಸಿಗ್ನಲ್ ಕೇಬಲ್ ತುದಿಗೆ, ಅಂದರೆ ಸೆಕೆಂಡರಿಗೆ, ಮೆಗ್ಗರ್ ಯಾವ ಕಾರಣಕ್ಕೂ ಹಾಕಬೇಡಿ. 500 ವೋಲ್ಟ್‌ನದೂ ಬೇಡ. ಪಿಟಿ ಸೆಕೆಂಡರಿಗೆ ಹಾಕುವ ಅಭ್ಯಾಸ ಇಲ್ಲಿ ಕೆಳಗಿನ ರೆಸಿಸ್ಟರ್ ಅಥವಾ ಸರ್ಜ್ ಭಾಗವನ್ನು ಬಲಿ ತೆಗೆದುಕೊಳ್ಳುತ್ತದೆ.

ಸೈಟ್‌ನಲ್ಲಿ ಎಸಿ ಪರೀಕ್ಷೆಯನ್ನು ಸಾಮಾನ್ಯವಾಗಿ ಫ್ಯಾಕ್ಟರಿ ಮೌಲ್ಯದ ಶೇ 80ಕ್ಕೆ, ಅಂದರೆ 22.4 ಕೆವಿಗೆ ಮಾಡುತ್ತಾರೆ. ಆಗ ಪ್ಲಗ್ ರಿಲೇಯಲ್ಲಿ ಇರಬೇಕೇ, ಹೊರಗೆ ತೆಗೆದಿರಬೇಕೇ, ಶಾರ್ಟ್ ಮಾಡಬೇಕೇ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಕೈಪಿಡಿ ತೆರೆದು ನೋಡಿ. ಅರ್ಥ್ ತಂತಿ ಮಾತ್ರ ಯಾವ ಸಂದರ್ಭದಲ್ಲೂ ಬಿಚ್ಚಬಾರದು. ಹೊರಗಿನ ಕೇಬಲ್‌ಗೆ ವಿಎಲ್‌ಎಫ್ (ಬಹಳ ಕಡಿಮೆ ಫ್ರೀಕ್ವೆನ್ಸಿಯ ಎಸಿ) ಅಥವಾ ಡಿಸಿ ಪರೀಕ್ಷೆ ಮಾಡುವಾಗ ಕನೆಕ್ಟರ್‌ಗೆ ಸೇರಿದ ಸೆನ್ಸರ್ ಅದನ್ನು ತಾಳುತ್ತದೆಂದು ಬರಹದಲ್ಲಿ ಇಲ್ಲದಿದ್ದರೆ ಅದನ್ನು ತೆಗೆದೇ ಪರೀಕ್ಷಿಸಿ.

ಹಂತ 7: ರಿಲೇ ಸೆಟ್ಟಿಂಗ್ ಮತ್ತು ಇಂಜೆಕ್ಷನ್

ಮೊದಲಿಗೆ ರಿಲೇಯ ಹಾರ್ಡ್‌ವೇರ್ ಕಾರ್ಡ್ ಸೆನ್ಸರ್ ಇನ್‌ಪುಟ್‌ನದೇ ಎಂದು ಆರ್ಡರ್ ಕೋಡ್‌ನಿಂದ ಖಚಿತಪಡಿಸಿಕೊಳ್ಳಿ. 110 ವೋಲ್ಟ್ ಪಿಟಿ ಕಾರ್ಡ್‌ಗೆ ಸೆನ್ಸರ್ ಕೊಟ್ಟರೆ ಯಾವ ಸೆಟ್ಟಿಂಗ್‌ನಿಂದಲೂ ಅದು ಸರಿಹೋಗದು.

ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಬಗೆಯನ್ನು ಸೆನ್ಸರ್ ಎಂದು ಆರಿಸಿ. ಪ್ರೈಮರಿ 11 ಕೆವಿ, ಅನುಪಾತ 10,000 ತುಂಬಿ. ಇಲ್ಲಿ ರೂಢಿಯಂತೆ 11000/110 ಬರೆದರೆ ರಿಲೇ 0.635ನ್ನು 100ರಿಂದ ಗುಣಿಸಿ 63.5 ವೋಲ್ಟ್ ಫೇಸ್, 110 ವೋಲ್ಟ್ ಲೈನ್ ಎಂದು ತೋರಿಸುತ್ತದೆ. ಮೊದಲ ದೂರಿಗೆ ಉತ್ತರ ಇದೇ. ಅಂಡರ್‌ವೋಲ್ಟೇಜ್ ಟ್ರಿಪ್ ಆನ್ ಇದ್ದರೆ ಬ್ರೇಕರ್ ನಿಲ್ಲುವುದೂ ಇಲ್ಲ.

ನಂತರ ಹಂತ 2ರ ತಿದ್ದುಪಡಿ ಅಂಕಿಗಳನ್ನು ಫೇಸ್ ಪ್ರಕಾರ ತುಂಬಿ. ಇದನ್ನು ಬಿಟ್ಟರೆ ಏನಾಗುತ್ತದೆ? ಪರಿಪೂರ್ಣ ಸಮತೋಲದ ಸಪ್ಲೈಯಲ್ಲೂ ಮೂರು ಸೆನ್ಸರ್ 6.35, 6.20, 6.48 ಕೆವಿ ಎಂದು ಓದಬಹುದು. ನೋಡಲು ಪರವಾಗಿಲ್ಲ ಎನಿಸುತ್ತದೆ. ಆದರೆ ಇವುಗಳ ವೆಕ್ಟರ್ ಮೊತ್ತ ಸೊನ್ನೆಯಾಗುವ ಬದಲು ಸುಮಾರು 240 ವೋಲ್ಟ್ ಬರುತ್ತದೆ, ಅಂದರೆ ಇಲ್ಲದ ರೆಸಿಡ್ಯುಯಲ್ ವೋಲ್ಟೇಜ್ ಹುಟ್ಟಿಕೊಳ್ಳುತ್ತದೆ. ಸೂಕ್ಷ್ಮ ಅರ್ಥ್ ಫಾಲ್ಟ್ ರಕ್ಷಣೆ ಇಟ್ಟಿರುವ ಕಡೆ ಇದೇ ಸುಳ್ಳು ಅಲಾರಂಗೆ ಕಾರಣ.

ಇಂಜೆಕ್ಷನ್ ಮಾಡುವಾಗ ಲೋ-ಲೆವೆಲ್ ಔಟ್‌ಪುಟ್‌ನಿಂದ 0.635 ವೋಲ್ಟ್ ಕೊಡಿ. ಸಾಮಾನ್ಯ ಔಟ್‌ಪುಟ್‌ನಿಂದ 63.5 ಕೊಟ್ಟರೆ ಅದು ನೂರು ಪಟ್ಟು. ಕಿಟ್ ರಿಲೇಗೆ ಜೋಡಿಸುವ ಮುನ್ನ ಅದನ್ನು ಆನ್ ಮಾಡಿ, ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ.

ರಿಲೇ ಸರಿ ಇದೆ ಎಂದಾದ ಮೇಲೆ ಸೆನ್ಸರನ್ನೇ ಪರೀಕ್ಷಿಸಿ. ಟೆಸ್ಟ್ ಸೆಟ್‌ನಿಂದ ಆರ್ ಫೇಸ್ ಒಂದಕ್ಕೇ 6.35 ಕೆವಿ ಕೊಟ್ಟು ರಿಲೇ ಪರದೆ ನೋಡಿ. ಆರ್‌ನಲ್ಲಿ ಮಾತ್ರ ಓದು ಬರಬೇಕು. ವೈ, ಬಿ ಕೂಡ ಹೀಗೇ. ಒಂದೊಂದಾಗಿ ಮಾಡುವುದು ಏಕೆಂದರೆ ಮೂರು ಪ್ಲಗ್‌ಗಳೂ ಅವಳಿಗಳಂತಿವೆ. ಎರಡು ಅದಲುಬದಲಾದರೆ ಫೇಸ್ ಸೀಕ್ವೆನ್ಸ್ ಉಲ್ಟಾ ಆಗಿ ಗೊತ್ತಾಗುತ್ತದೆ, ಆದರೆ ಮೂರೂ ಒಂದೊಂದು ಮನೆ ಸರಿದರೆ ಸೀಕ್ವೆನ್ಸ್ ಸರಿ, ವೋಲ್ಟೇಜ್ ಸರಿ, ಏನೂ ತಪ್ಪು ಕಾಣದು.

ಟೆಸ್ಟ್ ಸೆಟ್ ಓದನ್ನು ಮಲ್ಟಿಮೀಟರ್‌ನಿಂದ ತಾಳೆ ನೋಡುವವರಿಗೆ ಒಂದು ಮಾತು. ಮಲ್ಟಿಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. 2 ಮೆಗಾಓಮ್‌ಗೆ ಹೊಂದಿಸಿದ ಸೆನ್ಸರ್ ಅದರ ಮೇಲೆ ಸುಮಾರು ಶೇ 1 ಹೆಚ್ಚು ತೋರಿಸಬಹುದು. ಸೆನ್ಸರ್ ವಾಪಸ್ ಕಳುಹಿಸಬೇಡಿ.

ಹಂತ 8: ಚಾರ್ಜ್ ಮಾಡಿ, ಫೇಸ್ ಹೊಂದಿಸಿ

ಲೋಡ್ ಇಲ್ಲದೆ ಚಾರ್ಜ್ ಮಾಡಿ. ಮೂರು ಫೇಸ್ 6.3ರ ಆಸುಪಾಸು, ರೆಸಿಡ್ಯುಯಲ್ ಸೊನ್ನೆಯ ಹತ್ತಿರ, ಸೀಕ್ವೆನ್ಸ್ ಆರ್-ವೈ-ಬಿ.

ಎರಡನೆಯ ಇನ್‌ಕಮರ್ (ಸಪ್ಲೈ ಒಳಬರುವ ಪ್ಯಾನೆಲ್) ಇದ್ದು, ಎರಡೂ ಕಡೆಯ ಬಸ್ ಸೇರಿಸುವ ಬಸ್ ಕಪ್ಲರ್ ಹಾಕಬೇಕಿದ್ದರೆ ಮುಂಭಾಗದ ಸಾಕೆಟ್‌ಗಳಲ್ಲಿ ಫೇಸ್ ಕಂಪ್ಯಾರೇಟರ್ ಬಳಸಿ. ಮೊದಲು ಕಂಪ್ಯಾರೇಟರನ್ನೇ ನಂಬಬಹುದೇ ನೋಡಿ: ಅದೇ ಪ್ಯಾನೆಲ್‌ನ ಆರ್ ಮತ್ತು ವೈ ನಡುವೆ ಹಿಡಿದರೆ 'ಬೇರೆ ಫೇಸ್' ಎನ್ನಬೇಕು. ಆಮೇಲೆ ಈ ಕಡೆಯ ಆರ್‌ಗೆ ಆ ಕಡೆಯ ಆರ್, ವೈ, ಬಿ ಮೂರನ್ನೂ ಹಿಡಿಯಿರಿ. ಆರ್ ಮಾತ್ರ ಹೊಂದಬೇಕು, ಉಳಿದೆರಡು ಹೊಂದಬಾರದು. ವೈ, ಬಿ ಗೂ ಹಾಗೆಯೇ. ಆರ್-ಆರ್ ಹೊಂದಿತೆಂದು ಅಲ್ಲಿಗೇ ಕಪ್ಲರ್ ಹಾಕಲು ಹೋಗಬೇಡಿ, ವೈ ಮತ್ತು ಬಿ ಅದಲುಬದಲಾಗಿದ್ದರೂ ಆರ್ ಹೊಂದುತ್ತದೆ.

ಹಂತ 9: ಲೋಡ್ ಬಂದ ಮೇಲೆ ಪವರ್ ಫ್ಯಾಕ್ಟರ್ ನೋಡಿ

ಇಂಜೆಕ್ಷನ್ ಬಿಟ್ಟು ಬಂದವರನ್ನು ಹಿಡಿಯುವುದು ಈ ಹಂತ. ಲೋಡ್‌ನ ನಿಜವಾದ ಪವರ್ ಫ್ಯಾಕ್ಟರ್ 0.9 ಲ್ಯಾಗ್ ಇರುವಾಗ ರಿಲೇ ಮೈನಸ್ 0.83 ಅಥವಾ ಮೈನಸ್ 0.07 ತೋರಿಸಿದರೆ ವೋಲ್ಟೇಜ್ ಪ್ಲಗ್‌ಗಳು ಒಂದು ಮನೆ ಸರಿದಿವೆ, ಕೋನ 120 ಡಿಗ್ರಿ ತಪ್ಪಿದೆ. ಮೈನಸ್ 0.9 ಬಂದರೆ ತಪ್ಪು ಸಿಟಿಯ ಪೋಲಾರಿಟಿಯಲ್ಲಿ. ಫಾಲ್ಟ್‌ನ ದಿಕ್ಕು ನೋಡಿ ಕೆಲಸ ಮಾಡುವ ಡೈರೆಕ್ಷನಲ್ ರಕ್ಷಣೆಯನ್ನು ಇದು ಸರಿಹೋಗುವವರೆಗೆ ಸೇವೆಗೆ ಹಾಕಬೇಡಿ.

ಅಪಾಯದ ಸೂಚನೆಗಳು

ಫೀಡರ್ ಆಫ್ ಇದ್ದರೂ ಸೆನ್ಸರ್ ಕೆಲವು ನೂರು ವೋಲ್ಟ್ ತೋರಿಸುತ್ತಿದ್ದರೆ ಶೀಲ್ಡ್ ಅಥವಾ ಅರ್ಥ್ ಬಿಟ್ಟಿರಬಹುದು, ಪಕ್ಕದ ಫೇಸ್‌ನ ಪ್ರಭಾವ ಇರಬಹುದು, ಹಿಂದಿನಿಂದ ಸಪ್ಲೈ ಬರುತ್ತಲೂ ಇರಬಹುದು. ಮೂರನೆಯದಲ್ಲ ಎಂದು ಡಿಟೆಕ್ಟರ್‌ನಿಂದ ಸಿದ್ಧವಾಗುವವರೆಗೆ ಲೈನ್ ಚಾಲೂ ಇದೆ ಎಂದೇ ನಡೆದುಕೊಳ್ಳಿ.

ಒಂದು ಫೇಸ್‌ನ ಓದು ವಾರದಿಂದ ವಾರಕ್ಕೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಸೆನ್ಸರ್‌ನ ರೆಸಿಸ್ಟರ್ ಕೆಡುತ್ತಿದೆ. ಅದು ಸ್ಥಿರವಾಗದು, ಶಟ್‌ಡೌನ್ ಗೊತ್ತುಮಾಡಿ. ಬ್ರೇಕರ್ ಹಾಕುವಾಗ ತೆಗೆಯುವಾಗ ಮಾತ್ರ ಓದು ಕುಣಿದರೆ ಶೀಲ್ಡ್ ನೋಡಿ.

ಪ್ಯಾನೆಲ್ ಹತ್ತಿರ ಚರಚರ ಸದ್ದು, ಓಝೋನ್‌ನ ಕಟುವಾಸನೆ, ಎಪಾಕ್ಸಿ ಮೇಲೆ ಬಿಳಿ ಪುಡಿ ಕಂಡರೆ ಅದು ಡಿಸ್ಚಾರ್ಜ್. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಾಲಿಟ್ಟಾಗ ಇದು ಹೆಚ್ಚು. ಮೊದಲು ಸ್ಪೇಸ್ ಹೀಟರ್ ಎಂಸಿಬಿ ನೋಡಿ. ಬೇಸಿಗೆಯಲ್ಲಿ ಆಫ್ ಮಾಡಿದವರು ಜೂನ್‌ನಲ್ಲಿ ಮರೆತಿರುತ್ತಾರೆ.

ಸೆನ್ಸರ್ ಒಂದನ್ನು ಬದಲಿಸಿದಾಗ ಹಳೆಯದರ ತಿದ್ದುಪಡಿ ಅಂಕಿ ರಿಲೇಯಲ್ಲೇ ಉಳಿದಿರುತ್ತದೆ. ಹೊಸ ಲೇಬಲ್‌ನ ಅಂಕಿ ತುಂಬಿ, ಆ ಫೇಸ್‌ಗೆ ಹಂತ 6 ಮತ್ತು 7 ಮತ್ತೆ ಮಾಡಿ, ಹೊಸ ಸೀರಿಯಲ್ ನಂಬರನ್ನು ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿ.